ಒಂದು ವಾಕ್ಯದೊಳಗಿನ ಜೋಡಿಗಳು

ಇವತ್ತು ಆರ್ (R) ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ವಾಕ್ಯದ ಪದಗಳನ್ನು ಎರಡೆರಡಾಗಿ ಜೋಡಿಸುವ ಕೆಲಸದಲ್ಲಿದ್ದೆ. ‘ಮಳೆ ಬಂದು ಕೆರೆ ತುಂಬಿತು’ ಎಂಬ ಸ್ಟ್ರಿಂಗನ್ನು (ಅಕ್ಷರಗಳ ಸರಣಿಯನ್ನು) ಸ್ಟ್ರ್‌ಸ್ಪ್ಲಿಟ್ ಎಂಬ ಫಂಕ್ಷನ್ ಮೂಲಕ ಸ್ಪೇಸ್ ಇರುವಲ್ಲೆಲ್ಲ ಒಡೆದು, ಅದು ಕೊಡುವ ಲಿಸ್ಟನ್ನು ಅನ್‌ಲಿಸ್ಟ್ ಮಾಡಿ (ಅಂದರೆ ಪದಗಳ ಸರಳ ಸಾಲಾಗಿಸಿ), ಕಾಂಬ್‌ಎನ್ ಎಂಬ ಗುಂಪು ಮಾಡುವ ಫಂಕ್ಷನ್ನಿಗೆ 2 ಎಂಬ ಸಂಖ್ಯೆಯೊಂದಿಗೆ ಪದಗಳನ್ನು ಅಂಟಿಸುವ ಪೇಸ್ಟನ್ನೂ, ಅವುಗಳ ನಡುವೆ ಏನಿರಬೇಕೆಂದು ಹೇಳುವ ಕೊಲ್ಯಾಪ್ಸ್‌ಗೆ ಒಂದು ಸ್ಪೇಸನ್ನೂ ಕೊಟ್ಟರೆ, ‘ಮಳೆ ಬಂದು’, ‘ಮಳೆ ಕೆರೆ’ ಎಂಬಲ್ಲಿಂದ ‘ಕೆರೆ ತುಂಬಿತು’ ಎಂಬಲ್ಲಿಯವರೆಗೆ 6 ಜೋಡಿಗಳು ಸಿಗುತ್ತವೆ. ಮೂಲ ವಾಕ್ಯದ ಕ್ರಮ ಕೆಡುವುದಿಲ್ಲವಾದ್ದರಿಂದ ‘ಕೆರೆ ಮಳೆ’ ಬರುವುದಿಲ್ಲ. (ಒಂದೇ ಪದವಿರುವ ಸಾಲು ಸಿಕ್ಕರೆ ಕಾಂಬ್‌ಎನ್ ಎರರ್ ಕೊಟ್ಟು ನಿಲ್ಲುತ್ತದೆ, ಪದಗಳ ಸಂಖ್ಯೆಯನ್ನು ಮೊದಲೇ ನೋಡಿಕೊಳ್ಳಬೇಕು.)

ಬೇರೆ ಬೇರೆ 20 ಪದಗಳಿರುವ ವಾಕ್ಯದಲ್ಲಿ ಜೋಡಿಗಳು 190. ಒಂದು ಪದದಿಂದ ಇಪ್ಪತ್ತರವರೆಗಿನ ಎಲ್ಲ ಗುಂಪುಗಳನ್ನೂ ಕೇಳಿದರೆ ಅವು 10,48,575 ಆಗುತ್ತವೆ. ಪಕ್ಕಪಕ್ಕದ ಪದಗಳಷ್ಟೇ ಸಾಕೆಂದರೆ ಕೇವಲ 19. ಆದರೂ ಕನ್ನಡ ಪಠ್ಯಕ್ಕೆ ದೂರದ ಜೋಡಿಗಳೂ ಬೇಕೆಂದೇ ನನ್ನ ಅಭಿಪ್ರಾಯ, ಏಕೆಂದರೆ ಮಳೆಗೂ ಕೆರೆಗೂ ಇರುವ ನಂಟು ಅವುಗಳ ನಡುವೆ ಒಂದು ಕ್ರಿಯಾಪದ ಬಂದ ಮಾತ್ರಕ್ಕೆ ಕಳೆದುಹೋಗಬಾರದು. ಅದಕ್ಕೂ ಮೊದಲು ‘ಕೆರೆಗೆ’, ‘ಕೆರೆಯಲ್ಲಿ’, ‘ಕೆರೆಯಿಂದ’ ಎಂಬ ರೂಪಗಳನ್ನು ಒಂದೇ ಮೂಲಕ್ಕೆ ತರಬೇಕು. ಇಲ್ಲವಾದರೆ ಆರ್ ಅವನ್ನು ಮೂರು ಬೇರೆ ಪದಗಳೆಂದೇ ಎಣಿಸುತ್ತದೆ.