ಹೋಗುವುದು ಜರ್ಮನಿಗೆ, ನೋಡುವುದು ಕೊರಿಯಾದ್ದು

ಕಳೆದ ಮೂರು ತಿಂಗಳಲ್ಲಿ ಎಷ್ಟು ಜನ ಕೇಳಿದರು ಅಂತ ಲೆಕ್ಕ ಇಟ್ಟಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸ ಬರುವಷ್ಟರಲ್ಲಿ ಒಬ್ಬರು, ಬದಿಯಡ್ಕ ಪೇಟೆಯಲ್ಲಿ ಬಸ್ಸಿಗೆ ಕಾಯುವಾಗ ಇನ್ನೊಬ್ಬರು, ಕೊನೆಗೆ ನನ್ನ ಮಾರ್ಕ್ಸ್ ಕಾರ್ಡುಗಳನ್ನೆಲ್ಲ ಝೆರಾಕ್ಸ್ ಮಾಡಿ ಮಾಡಿ ಬಾಯಿಪಾಠ ಆಗಿರುವ ಅಂಗಡಿಯವರೂ. "ಹೋಗುವುದು ಜರ್ಮನಿಗೆ. ನೋಡುವುದು ಕೊರಿಯಾದ ಸೀರಿಯಲ್ಲು. ಕಿವಿಗೆ ಸಿಕ್ಕಿಸಿಕೊಂಡದ್ದು ಯಕ್ಷಗಾನ. ನಿನಗೆ ಎಂತ ಆಗಿದೆ ಮಾರಾಯ್ತಿ? ಜರ್ಮನ್ ಕಲಿಯುವುದು ಯಾವಾಗ?"

ಕೆಲವರು ಕಾಳಜಿಯಿಂದಲೇ ಕೇಳುತ್ತಾರೆ. ಕೆಲವರ ಮಾತಿನ ಅಡಿಯಲ್ಲಿ "ಅಪ್ಪನ ಅಡಿಕೆ ದುಡ್ಡು" ಅನ್ನುವುದು ಸಣ್ಣಗೆ ಕೇಳಿಸುತ್ತದೆ. ಪ್ರತಿ ಸಲ ನಿಂತು ಉತ್ತರ ಹೇಳಲು ಹೋದರೆ ಬಸ್ಸು ತಪ್ಪುತ್ತದೆ. ಹಾಗಾಗಿ ಬರೆದೇ ಇಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಅಕ್ಟೋಬರಿನಲ್ಲಿ ಶುರುವಾಗುವ ಚಳಿಗಾಲದ ಸೆಮಿಸ್ಟರಿಗೆ ಡ್ರೆಸ್ಡೆನ್‌ನಲ್ಲಿ ಜಲವಿಜ್ಞಾನದ ಎಂಎಸ್ಸಿಗೆ ಸೀಟು ಸಿಕ್ಕಿದೆ. ತೋಟದ ಹಿಂದಿನ ಗುಡ್ಡಕ್ಕೆ ಅಜ್ಜ ಕೊರೆಸಿದ ಸುರಂಗದಿಂದ ಏಪ್ರಿಲ್‌ನಲ್ಲೂ ನೀರು ಹೇಗೆ ಬರುತ್ತದೆ ಅಂತ ಸಣ್ಣಂದಿನಿಂದ ಕೇಳುತ್ತಿದ್ದವಳಿಗೆ ಬೇರೆ ವಿಷಯ ಹಿಡಿಸಲಿಲ್ಲ. ಪಾಠ ಇಂಗ್ಲಿಷಿನಲ್ಲಿ. ಆದರೆ ಹಾಲು ತರುವುದಕ್ಕೆ, ಮನೆ ಹುಡುಕುವುದಕ್ಕೆ, ಜ್ವರ ಬಂದರೆ ಡಾಕ್ಟರಿಗೆ ಹೇಳುವುದಕ್ಕೆ ಜರ್ಮನ್ ಬೇಕು. ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಟ್ಟಾಗಿದೆ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ಅದನ್ನು ನನಗೇ ಕೊಡುತ್ತಾರೆ. ಇದನ್ನು ವಿವರಿಸಿದಾಗ ಅಪ್ಪ ಹೇಳಿದ್ದು ಒಂದೇ ಮಾತು: "ದುಡ್ಡು ನಮ್ಮದು, ಬೀಗ ಅವರದ್ದು."

ಈ ಹುಚ್ಚುಗಳ ಬಗ್ಗೆ ಮೊದಲು ತಕರಾರು ತೆಗೆದದ್ದು ನೆಂಟರಲ್ಲ. ಅರ್ಜಿಯ ಕೆಲಸಕ್ಕೆ ಅಂತ ಹೋಗಿದ್ದ ಒಂದು ಸಲಹಾ ಕೇಂದ್ರದಲ್ಲಿ ಎದುರು ಕೂತ ಹುಡುಗ ನನ್ನ ಫಾರ್ಮಿನ ಹವ್ಯಾಸದ ಸಾಲು ನೋಡಿ ಪೆನ್ನು ಎತ್ತಿದ. "ಕೊರಿಯನ್ ಡ್ರಾಮಾ, ಯಕ್ಷಗಾನ ಅಂತೆಲ್ಲ ಬೇಡ ಮ್ಯಾಡಂ. ಓದುವುದು, ಚಾರಣ ಅಂತ ಹಾಕೋಣ." ಹಾಕಿದ. ನಾನು ಹತ್ತಿದ ಗುಡ್ಡ ಅಂದರೆ ಪೊಸಡಿಗುಂಪೆ ಒಂದೇ, ಅದೂ ರೀಲ್ಸ್ ಮಾಡುವುದಕ್ಕೆ. ಅದೇ ಫಾರ್ಮಿನಲ್ಲಿ ಮಾತೃಭಾಷೆ ಅನ್ನುವಲ್ಲಿ, ರಾಜ್ಯ ಕೇರಳ ಅಂದ ಮೇಲೆ ಕೇಳುವುದೆಂತ ಅಂತ, ಅವನೇ ಮಲಯಾಳಂ ಅಂತ ತುಂಬಿಸಿದ್ದ. ಅದನ್ನು ಮಾತ್ರ ಹಟ ಮಾಡಿ ತಿದ್ದಿಸಿದೆ. ಚಾರಣ ಹಾಗೇ ಉಳಿಯಿತು.

ಆ ಸಾಲು ಹೊಡೆದುಹಾಕಿದ್ದು ನನಗೆ ಇವತ್ತಿಗೂ ಕಿರಿಕಿರಿ. ಯಾಕೆಂದರೆ ನನಗೆ ಬರುವ ಭಾಷೆಗಳಲ್ಲಿ ಹೆಚ್ಚಿನವು ಬಂದದ್ದು ಆ ಸಾಲಿನಿಂದಲೇ.

ಹತ್ತನೇ ಕ್ಲಾಸಿನವರೆಗೆ ನನ್ನದು ಕನ್ನಡ ಮಾಧ್ಯಮ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳದ ಪಾಲಾದ ಮೇಲೂ ಇಲ್ಲಿ ಉಳಿದುಕೊಂಡ ಶಾಲೆಗಳಲ್ಲಿ ಒಂದು. ಮಲಯಾಳಂ ನನಗೆ ಯಾರೂ ಕೂರಿಸಿ ಕಲಿಸಲಿಲ್ಲ. ಟಿವಿಯಲ್ಲಿ ಮಲಯಾಳಂ ಕಾರ್ಟೂನ್ ಬರುತ್ತಿತ್ತು, ಕೂತು ನೋಡಿದೆ. ಅಕ್ಷರ ಕಲಿತದ್ದು ಬಸ್ಸಿನ ಬೋರ್ಡಿನಿಂದ, ಸಿನೆಮಾ ಪೋಸ್ಟರಿನಿಂದ. ನಟನ ಮುಖ ಗೊತ್ತಿರುತ್ತದೆ, ಹೆಸರು ಗೊತ್ತಿರುತ್ತದೆ, ಹಾಗಾದರೆ ಕೆಳಗಿರುವ ಜಿಲೇಬಿಯಂಥ ಅಕ್ಷರಗಳು ಆ ಹೆಸರೇ ಇರಬೇಕು ಅಂತ ಒಂದೊಂದಾಗಿ ಬಿಡಿಸುವುದು. ಮನೆಯಲ್ಲಿ ತುಳು ಇಲ್ಲ. ಅದು ಬಂದದ್ದು ಜಾತ್ರೆಯ ರಾತ್ರಿಯ ತುಳು ನಾಟಕಗಳಿಂದ. ಎಲ್ಲರೂ ನಗುವಲ್ಲಿ ನಾನೂ ನಕ್ಕು, ನಕ್ಕದ್ದು ಯಾಕೆ ಅಂತ ಮರುದಿನ ಪಕ್ಕದ ಮನೆಯವರ ಹತ್ತಿರ ಕೇಳಿ ತಿಳಿದುಕೊಳ್ಳುವುದು. ಪುಸ್ತಕದ ಕನ್ನಡ ಕೂಡ ನನಗೆ ಒಂದು ರೀತಿಯಲ್ಲಿ ಪರಭಾಷೆ. ಮನೆಯ ಮಾತು ಹವ್ಯಕ. "ಎನಗೆ ಗೊಂತಿಲ್ಲೆ" ಅನ್ನುವ ಮಗುವಿಗೆ "ನಾನರಿಯೆ" ಅನ್ನುವ ಮಾತು ಸಿಕ್ಕಿದ್ದು ಯಕ್ಷಗಾನ ಆಟದ ರಂಗಸ್ಥಳದಲ್ಲಿ, ಕಿರೀಟ ಇಟ್ಟವರ ಬಾಯಿಂದ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿದವರಿಗೆ ಇದು ದೊಡ್ಡ ಸಂಗತಿಯೇನೂ ಅಲ್ಲ.

ಇದನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ಸಭೆಗಳಲ್ಲಿ ಹೇಳುತ್ತಾರೆ. ಕೇಳಲು ಚೆಂದ. ದಿನನಿತ್ಯದಲ್ಲಿ ಅದರ ಅರ್ಥ ಅಂದರೆ, ನಮ್ಮ ಸುತ್ತ ಯಾವಾಗಲೂ ಒಂದು ಅರ್ಧಂಬರ್ಧ ತಿಳಿಯುವ ಮಾತು ನಡೆದಿರುತ್ತದೆ, ಅದರ ಮಧ್ಯೆ ಗಾಬರಿಯಾಗದೆ ಕೂರುವುದು ನಮಗೆ ಅಭ್ಯಾಸ. ನಮ್ಮ ಮಲಯಾಳಂ ಕೂಡ ಹಾಗೆಯೇ. 2022ರಲ್ಲಿ 'ನ್ನಾ ತಾನ್ ಕೇಸ್ ಕೊಡ್' ಸಿನೆಮಾ ಬಂದಾಗ ತೆಂಕಣ ಕೇರಳದ ನನ್ನ ಹಾಸ್ಟೆಲ್ ಗೆಳತಿಯರು ಆ ಕಾಸರಗೋಡು ಮಲಯಾಳಂ ಅರ್ಥವಾಗದೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಮಲಯಾಳಿಗಳಿಗೆ ಮಲಯಾಳಂ ಅರ್ಥ ಹೇಳಿದ ಕನ್ನಡ ಮೀಡಿಯಂ ಹುಡುಗಿ ನಾನು. ಈ ಜಂಬ ನನಗೆ ಸ್ವಲ್ಪ ಇದೆ.

ಈಗ ಕೊರಿಯಾದ ವಿಷಯ. ನಾನು ನೋಡುವುದನ್ನು ಪಕ್ಕದಲ್ಲಿ ನಿಂತು ನೋಡಿದವರಿಗೆ ಕೊರಿಯನ್ ಮುಖಗಳು ಕಾಣುತ್ತವೆ. ಕೆಳಗಿನ ಸಾಲನ್ನು ಯಾರೂ ಓದುವುದಿಲ್ಲ. ಅದು ಜರ್ಮನ್ ಸಬ್‌ಟೈಟಲ್. ಜನವರಿಯಿಂದ ಹಾಗೆ ಬದಲಿಸಿಕೊಂಡಿದ್ದೇನೆ. ಮೂರು ವರ್ಷ ಇಂಗ್ಲಿಷ್ ಸಬ್‌ಟೈಟಲಿನಲ್ಲಿ ನೋಡಿ ಕಿವಿಗೆ ಕೊರಿಯನ್ ಅಲ್ಪಸ್ವಲ್ಪ ಹತ್ತಿದೆ. ಅಪ್ಪನನ್ನು 'ಅಪ್ಪ' ಅಂತಲೇ ಕರೆಯುವ ಭಾಷೆ ಬೇಗ ಹತ್ತದೆ ಇರುತ್ತದಾ? ಹಾಗಾಗಿ ಕಿವಿಯಲ್ಲಿ ಅರ್ಧ, ಕಣ್ಣಲ್ಲಿ ಅರ್ಧ.

ಒಂದು ದೃಶ್ಯ ಹೇಳುತ್ತೇನೆ. ಮಳೆ. ಮುನಿಸಿಕೊಂಡು ಹೋಗಿದ್ದ ಹುಡುಗ ಬಾಗಿಲಲ್ಲಿ ನಿಂತಿದ್ದಾನೆ. ಏನೇನೋ ಹೇಳಬೇಕು ಅಂತ ಬಂದವನು ಕೊನೆಗೆ ಕೇಳುವುದು "ಊಟ ಆಯ್ತಾ?" ಅಂತ. ಕೊರಿಯಾದಲ್ಲಿ ಅದು ನಮ್ಮ ಹಾಗೆಯೇ, ಅನ್ನದ ವಿಚಾರಣೆ ಅಲ್ಲ, ಹೇಗಿದ್ದೀಯ ಅಂತ. ಕೆಳಗೆ ಜರ್ಮನ್ ಬಂತು: 'ಹಾಸ್ಟ್ ಡು ಶೋನ್ ಗೆಗೆಸ್ಸನ್?' ಎಸ್ಸನ್ ಅಂದರೆ ಉಣ್ಣುವುದು. ಉಂಡಾಯಿತು ಅನ್ನಬೇಕಾದರೆ ಗೆಗೆಸ್ಸನ್. ಆನ್‌ಲೈನ್ ಕ್ಲಾಸಿನಲ್ಲಿ ಇದರ ಕೋಷ್ಟಕ ಕೊಟ್ಟಿದ್ದರು, ಎರಡು ಪುಟ. ಹತ್ತು ಸಲ ಬರೆದರೂ 'ಗೆ' ಒಂದಾ ಎರಡಾ ಅಂತ ಅನುಮಾನ ಹೋಗಿರಲಿಲ್ಲ. ಆ ಹುಡುಗ ಮಳೆಯಲ್ಲಿ ನಿಂತು ಒಂದು ಸಲ ಕೇಳಿದ್ದು ಇನ್ನು ಸಾಯುವವರೆಗೆ ಮರೆಯುವುದಿಲ್ಲ. ಜರ್ಮನ್ನರು ದಾರಿಯಲ್ಲಿ ಸಿಕ್ಕಿದವರನ್ನು ಊಟ ಆಯ್ತಾ ಅಂತ ಕೇಳುವುದಿಲ್ಲವಂತೆ. ನಾನು ಕೇಳುವವಳೇ.

ವ್ಯಾಕರಣದ ಪುಸ್ತಕ ಬೇಡ ಅಂತ ಹೇಳುತ್ತಿಲ್ಲ. ಎ2 ಅನ್ನುವ ಆರಂಭದ ಮಟ್ಟದ ಜರ್ಮನ್ ಪರೀಕ್ಷೆ ಬರೆದದ್ದು ಪುಸ್ತಕ ಓದಿಯೇ. ಆದರೆ ಲಿಂಗದ ಪಾಠ ಬಂದಾಗ ಕ್ಲಾಸಿನಲ್ಲಿ ಎಲ್ಲರೂ ಒಟ್ಟಿಗೆ ಗಲಾಟೆ ಮಾಡಿದರು. ಜರ್ಮನ್‌ನಲ್ಲಿ ಹುಡುಗಿ ಅನ್ನುವುದಕ್ಕೆ 'ಮೇಡ್‌ಶೆನ್' ಅನ್ನುತ್ತಾರೆ, ಕೊನೆಯಲ್ಲಿರುವ 'ಶೆನ್' ಸಣ್ಣದು, ಪುಟ್ಟದು ಅನ್ನುವ ಪ್ರತ್ಯಯ, ಅದು ಸೇರಿದ್ದೆಲ್ಲ ನಪುಂಸಕ ಲಿಂಗ. ಪುಣೆಯ ಹುಡುಗಿಗೆ ಸಿಟ್ಟು ಬಂತು, ಹುಡುಗಿ ಹೇಗೆ 'ಅದು' ಆಗುತ್ತಾಳೆ ಅಂತ. ನಾನು ಮ್ಯೂಟಿನಲ್ಲಿ ನಗುತ್ತಿದ್ದೆ. ನಮ್ಮ ಮನೆಯಲ್ಲಿ ನಾನು ಹುಟ್ಟಿದ ದಿನದಿಂದ ಕೂಸು. "ಕೂಸು ಬಂತು", "ಕೂಸು ಉಂಡತ್ತಾ?" ಹುಡುಗಿ ಮಾತ್ರ ಯಾಕೆ, "ಅಕ್ಕ ಬಂತು" ಅಂತಲೇ ಹವ್ಯಕರು ಹೇಳುವುದು. ಇದು ಸರಿಯಾ ತಪ್ಪಾ ಅಂತ ನನ್ನ ಅಮ್ಮನ ಜೊತೆ ಬೇರೆ ಜಗಳ ಇದೆ. ಜರ್ಮನ್ ಪರೀಕ್ಷೆಯಲ್ಲಿ ಮಾತ್ರ ಆ ಒಂದು ಅಂಕ ನನಗೆ ಬಿಟ್ಟಿ ಸಿಕ್ಕಿತು.

ಜರ್ಮನಿಯ ಥಿಯೇಟರುಗಳಲ್ಲಿ ಹೊರಗಿನ ಸಿನೆಮಾ ಬಂದರೆ ಹೆಚ್ಚಾಗಿ ಜರ್ಮನ್‌ಗೆ ಡಬ್ ಆಗಿಯೇ ಬರುತ್ತದೆ. ಮೂಲ ದನಿಯಲ್ಲಿ ಬೇಕಿದ್ದರೆ ಓಎಂಯು ಅಂತ ಬರೆದ ಪ್ರದರ್ಶನ ಹುಡುಕಬೇಕು. ಮೂಲಭಾಷೆ, ಜೊತೆಗೆ ಸಬ್‌ಟೈಟಲ್ ಅಂತ ಅದರ ಅರ್ಥ. ಇದನ್ನು ಓದಿ ನನಗೆ ನಗು ಬಂತು. 1960ರ ದಶಕದಿಂದ ಕನ್ನಡ ಚಿತ್ರರಂಗ ಡಬ್ಬಿಂಗ್ ಬೇಡ ಅಂತ ಬಾಗಿಲು ಹಾಕಿ ಕೂತಿತ್ತು. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಆ ಬಾಗಿಲು ನಿಧಾನಕ್ಕೆ ತೆರೆಯಿತು. ಆ ಬಾಗಿಲು ಹಾಕಿದ್ದು ಸರಿಯಾಗಿತ್ತಾ ಅಂತ ಕೇಳಿದರೆ, ಕನ್ನಡ ಮಾತ್ರ ಬರುವ ಹಳ್ಳಿಯ ಮಗುವಿಗೆ ಅದರಿಂದ ಅನ್ಯಾಯವೇ ಆಯಿತು ಅಂತ ನನ್ನ ಅಭಿಪ್ರಾಯ. ಆದರೆ ಅದೇ ಕಾರಣಕ್ಕೆ ಪರಭಾಷೆಯನ್ನು ಅದರದ್ದೇ ದನಿಯಲ್ಲಿ ಕೇಳಿ ಅರ್ಥ ಊಹಿಸುವ ಕಸುಬು ನಮ್ಮವರಿಗೆ ಬಂದದ್ದೂ ಹೌದು. ಮೊನ್ನೆ ಮೊನ್ನೆಯವರೆಗೆ ಡಬ್ ಮಾಡದಿದ್ದ ಭಾಷೆಯಿಂದ ಎಲ್ಲವನ್ನೂ ಡಬ್ ಮಾಡುವ ಭಾಷೆಗೆ ಹೊರಟಿದ್ದೇನೆ. ಓಎಂಯು ಥಿಯೇಟರ್ ಎಲ್ಲಿದೆ ಅಂತ ಮ್ಯಾಪಿನಲ್ಲಿ ಈಗಲೇ ನಕ್ಷತ್ರ ಹಾಕಿಟ್ಟಾಗಿದೆ. ಹಾಸ್ಟೆಲ್ ಸಿಕ್ಕಿಲ್ಲ ಇನ್ನೂ.

ಜರ್ಮನಿ ಅಂದ ಕೂಡಲೇ ನನ್ನ ಕನ್ನಡ ಮೇಷ್ಟ್ರು ಕಿಟ್ಟೆಲ್ ಅಂದರು. ಎಲ್ಲ ಕನ್ನಡ ಮೇಷ್ಟ್ರುಗಳೂ ಅನ್ನುತ್ತಾರೆ. 1894ರ ನಿಘಂಟಿಗೆ ಕೈ ಮುಗಿಯುತ್ತೇನೆ. ಆದರೆ ನನಗೆ ಹತ್ತಿರ ಅನ್ನಿಸುವುದು ಮೋಗ್ಲಿಂಗ್. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ ಜರ್ಮನ್ ಪಾದ್ರಿ. ಅವರು ನಮ್ಮ ಕರಾವಳಿಗೆ ಬಂದು ದಾಸರ ಪದಗಳನ್ನು, ಗಾದೆಗಳನ್ನು ಒಟ್ಟು ಮಾಡಿ ಅಚ್ಚು ಹಾಕಿಸಿದರು. ಮತ ಹೇಳಲು ಬಂದವರು ಅನ್ನುವುದು ಇದ್ದೇ ಇದೆ. ಆದರೂ ಹೊಸ ಊರಿಗೆ ಬಂದವನು ಆ ಊರಿನವರು ಗುನುಗುವುದು ಏನನ್ನು ಅಂತ ಕಿವಿಕೊಟ್ಟ ಅಲ್ಲ, ಅಷ್ಟು ನನಗೆ ಸಾಕು. ಅವರಿಗೆ ದಾಸರ ಪದ. ನನಗೆ ಸದ್ಯಕ್ಕೆ ಅಲ್ಲಿ ಸಿಕ್ಕಿರುವುದು ಒಂದು ಇಲಿ.

ಇಲಿ ಅಂದರೆ 1971ರಿಂದ ಜರ್ಮನ್ ಟಿವಿಯಲ್ಲಿ ಬರುತ್ತಿರುವ ಮಕ್ಕಳ ಕಾರ್ಯಕ್ರಮ. ಕಿತ್ತಳೆ ಬಣ್ಣದ ಇಲಿ, ಜೊತೆಗೆ ಪುಟ್ಟ ನೀಲಿ ಆನೆ. ಟೂತ್‌ಪೇಸ್ಟ್ ಟ್ಯೂಬಿನ ಒಳಗೆ ಪಟ್ಟೆ ಹೇಗೆ ಬರುತ್ತದೆ ಅನ್ನುವಂಥ ಪ್ರಶ್ನೆಗಳಿಗೆ ನಿಧಾನವಾಗಿ, ಸಣ್ಣ ಸಣ್ಣ ವಾಕ್ಯಗಳಲ್ಲಿ ಉತ್ತರ ಹೇಳುತ್ತಾರೆ. ನನ್ನ ಮಟ್ಟದ ಜರ್ಮನ್‌ಗೆ ಹೇಳಿ ಮಾಡಿಸಿದ್ದು. ಶುರುವಿನಲ್ಲಿ ಇವತ್ತು ಏನೇನು ಇದೆ ಅಂತ ಜರ್ಮನ್‌ನಲ್ಲಿ ಹೇಳಿ, ಅದನ್ನೇ ಇನ್ನೊಂದು ದೇಶದ ಭಾಷೆಯಲ್ಲಿ ಹೇಳುತ್ತಾರೆ. ಆಮೇಲೆ, ಈಗ ಕೇಳಿದ್ದು ಇಂಥ ಭಾಷೆ ಅಂತ ಹೆಸರು ಹೇಳುತ್ತಾರೆ. ಮಕ್ಕಳಿಗೆ ವಾರಕ್ಕೆ ಒಂದು ಅರ್ಥವಾಗದ ಭಾಷೆ, ಅಷ್ಟೇ, ಏನೂ ವಿವರಣೆ ಇಲ್ಲ. ಇದನ್ನು ಮೊದಲ ಸಲ ನೋಡಿದ ದಿನ ಆ ದೇಶದ ಬಗ್ಗೆ ನನ್ನ ಹೆದರಿಕೆ ಸುಮಾರು ಕಡಿಮೆಯಾಯಿತು.

ನನ್ನ ಜೊತೆ ಅಜ್ಜಿಯೂ ನೋಡುತ್ತಾಳೆ. ಕೊರಿಯಾದ್ದನ್ನೂ ನೋಡುತ್ತಾಳೆ, ಸಬ್‌ಟೈಟಲ್ ಓದದೆಯೇ, ಅತ್ತೆ ಯಾರು ಸೊಸೆ ಯಾರು ಅಂತ ನನಗಿಂತ ಮೊದಲೇ ಹೇಳುತ್ತಾಳೆ. ಇಲಿಯ ಬಗ್ಗೆ ಅವಳ ಆಕ್ಷೇಪ ಒಂದೇ. "ಎರಡು ಸರ್ತಿ ಹೇಳುದು ಎಂತಕೆ? ಒಂದರಿ ಹೇಳಿರೆ ಗೊಂತಾವುತ್ತಿಲ್ಲೆಯಾ?"

ಸೂಟ್‌ಕೇಸಿನಲ್ಲಿ ಹಲಸಿನ ಹಪ್ಪಳಕ್ಕೂ ಪುಸ್ತಕಕ್ಕೂ ಜಗಳ ನಡೆದಿದೆ. ಫೋನಿನ ಕವರಿನ ಒಳಗೆ ಒಂದು ಬದಿಗೆ ಕೊರಿಯಾದ ಹಾಡಿನ ತಂಡ ಬಿಟಿಎಸ್‌ನವನೊಬ್ಬನ ಫೋಟೋಕಾರ್ಡು, ಇನ್ನೊಂದು ಬದಿಗೆ ಯಕ್ಷಗಾನದ ಬಣ್ಣದ ವೇಷದ ಒಂದು ಚಿತ್ರ. ಎರಡೂ ಬರುತ್ತವೆ, ತೂಕವಿಲ್ಲ. ದೀಪಾವಳಿ ಕಳೆದು ಮೇಳಗಳು ಹೊರಡುವಾಗ ನಾನು ಇಲ್ಲಿ ಇರುವುದಿಲ್ಲ. ಅದರ ಬಗ್ಗೆ ಬೇಜಾರು ಇತ್ತು. ಮೊನ್ನೆ ಕೂತು ಲೆಕ್ಕ ಹಾಕಿದೆ. ಚಳಿಗಾಲದಲ್ಲಿ ನಾವು ಅವರಿಗಿಂತ ನಾಲ್ಕೂವರೆ ಗಂಟೆ ಮುಂದೆ. ಇಲ್ಲಿ ರಾತ್ರಿ 9:30ಕ್ಕೆ ಚೆಂಡೆ ಬಿದ್ದರೆ ಅಲ್ಲಿ ಸಂಜೆ 5. ಆಗಲೇ ಕತ್ತಲೆಯಾಗಿರುತ್ತದೆ, ಕ್ಲಾಸೂ ಮುಗಿದಿರುತ್ತದೆ. ಇಲ್ಲಿ ಬೆಳಗಿನ 6ಕ್ಕೆ ಆಟ ಮುಗಿಯುವಾಗ ಅಲ್ಲಿ ರಾತ್ರಿ 1:30. ಹುಟ್ಟಿದ ಮೇಲೆ ಒಂದು ಆಟವನ್ನೂ ಒರಗದೆ, ಅಂದರೆ ನಿದ್ದೆ ಮಾಡದೆ, ಪೂರ್ತಿ ನೋಡಿದವಳಲ್ಲ ನಾನು. ಡ್ರೆಸ್ಡೆನ್‌ನಲ್ಲಿ ಆಗಬಹುದು.

ಇದನ್ನು ಅಜ್ಜಿಗೆ ಹೇಳಿದೆ. ಅವಳು ಅಡಿಕೆ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಹಾಂಗಾರೆ ಮಂಗಳ ಹಾಡದ್ದೆ ಒರಗೆಡ."