ಹಳೇ ರೇಡಿಯೋ ನಾಟಕಗಳಲ್ಲಿ ಮಾತಿಲ್ಲದ ಜಾಗಗಳು

ಹಳೇ ಅಮೆರಿಕನ್ ರೇಡಿಯೋ ನಾಟಕ, ಕಾಮಿಡಿ ಪ್ರೋಗ್ರಾಮ್‌ಗಳು ಅಂದ್ರೆ ನಂಗೆ ಪ್ರಾಣ. 1930ರ ಆಸುಪಾಸಿಂದ ಹಿಡಿದು ಟಿವಿ ಬಂದು ಎಲ್ರನ್ನೂ ಎಳ್ಕೊಂಡು ಹೋಗೋ ತನಕ ಅಲ್ಲಿನ ಜನ ರಾತ್ರಿ ರೇಡಿಯೋ ಮುಂದೆ ಕೂತು ಕೇಳ್ತಿದ್ದ, ಹೆಚ್ಚಾಗಿ ಅರ್ಧರ್ಧ ಗಂಟೆಯ ಪ್ರೋಗ್ರಾಮ್‌ಗಳು ಇವು. ಕೊಲೆ, ದೆವ್ವ, ಕೌಬಾಯ್, ಗಂಡ ಹೆಂಡ್ತಿ ಜಗಳ, ಬಾಹ್ಯಾಕಾಶ, ಏನು ಬೇಕೋ ಎಲ್ಲಾ ಇದೆ. ಎಂಬತ್ತು ವರ್ಷದ ಹಿಂದಿನ ಕರಕರ ಸೌಂಡ್ ಇರೋ ಆಡಿಯೋನ ಈಗ ಯಾಕಪ್ಪ ಕೇಳ್ತೀಯಾ ಅಂತ ಕೇಳೋರಿಗೆ ನಾನು ಯಾವಾಗ್ಲೂ ಹೇಳೋದು ಒಂದೇ, ಅವರು ಸುಮ್ಮನಿರೋದನ್ನ ಕೇಳೋಕೆ ಅಂತ.

ರೇಡಿಯೋದಲ್ಲಿ ಸುಮ್ಮನಿರೋದು ಅಂದ್ರೆ ಸಣ್ಣ ವಿಷಯ ಅಲ್ಲ. ಸಿನಿಮಾದಲ್ಲಿ ನಟ ಮಾತಾಡದೇ ಇದ್ರೂ ಅವನ ಮುಖ ಕಾಣ್ಸುತ್ತೆ, ಕಣ್ಣು ಕಾಣ್ಸುತ್ತೆ. ರೇಡಿಯೋದಲ್ಲಿ ಮಾತು ನಿಂತ್ರೆ ಏನೂ ಇಲ್ಲ, ಸೆಟ್ ಕೆಟ್ಟೋಯ್ತಾ, ಸ್ಟೇಷನ್ ನಿಂತೋಯ್ತಾ ಅಂತ ಜನ ಗುಂಡಿ ತಿರುಗಿಸೋಕೆ ಶುರು ಮಾಡ್ತಾರೆ. ಹಂಗಿದ್ರೂ ಧೈರ್ಯವಾಗಿ ಮಾತು ನಿಲ್ಸಿದವರೇ ಅಲ್ಲಿ ದೊಡ್ಡವರಾದ್ರು.

ಕಾಮಿಡಿಯನ್ ಜ್ಯಾಕ್ ಬೆನ್ನಿ ವಿಷ್ಯಕ್ಕೆ ಬರ್ತೀನಿ. 1932ರಲ್ಲಿ ಶುರು ಮಾಡಿ 1955ರ ತನಕ ರೇಡಿಯೋದಲ್ಲಿ ಇದ್ದ ಮನುಷ್ಯ. ಪ್ರೋಗ್ರಾಮ್‌ನಲ್ಲಿ ಅವನು ತನ್ನ ಹೆಸರಲ್ಲೇ ಪಾತ್ರ ಮಾಡ್ತಾನೆ, ಎಂಜಲು ಕೈಲಿ ಕಾಗೆ ಓಡಿಸದ ಜಿಪುಣ, ವರ್ಷ ಎಷ್ಟಾದ್ರೂ ವಯಸ್ಸು 39 ದಾಟಲ್ಲ, ಪಿಟೀಲು ಕೆಟ್ಟದಾಗಿ ಬಾರಿಸ್ತಾನೆ, ಮನೆ ಕೆಳಗೆ ನೆಲಮಾಳಿಗೆಲಿ ದುಡ್ಡಿಟ್ಟು ಅದಕ್ಕೊಬ್ಬ ಕಾವಲುಗಾರನ್ನ ಬೇರೆ ಇಟ್ಟಿರ್ತಾನೆ. ಕೇಳೋರಿಗೆ ಇದೆಲ್ಲ ವಾರವಾರ ಕೇಳಿ ಕೇಳಿ ಬಾಯಿಪಾಠ ಆಗಿರುತ್ತೆ. ಈಗ 1948ರ ಮಾರ್ಚ್ 28ರ ಎಪಿಸೋಡ್ ನೋಡಿ. ರಾತ್ರಿ ಒಬ್ನೇ ನಡ್ಕೊಂಡು ಮನೆಗೆ ಹೋಗ್ತಿರ್ತಾನೆ, ಕತ್ತಲಲ್ಲಿ ಒಬ್ಬ ಕಳ್ಳ ಅಡ್ಡ ಹಾಕಿ ದುಡ್ಡು ಬೇಕಾ ಪ್ರಾಣ ಬೇಕಾ ಅಂತಾನೆ. ಬೆನ್ನಿ ಸುಮ್ಮನೆ. ಏನೂ ಇಲ್ಲ. ಜನ ನಗೋಕೆ ಶುರು ಮಾಡ್ತಾರೆ, ಅವನಿನ್ನೂ ಒಂದು ಮಾತೂ ಆಡಿಲ್ಲ, ನಗು ಏರ್ತಾ ಹೋಗುತ್ತೆ, ಕಳ್ಳನಿಗೇ ತಾಳ್ಮೆ ಕೆಟ್ಟು ಇನ್ನೊಂದ್ಸಲ ಗದರ್ತಾನೆ, ಆಗ ಬೆನ್ನಿ ಯೋಚ್ನೆ ಮಾಡ್ತಾ ಇದೀನಿ ತಡಿಯೋ ಅನ್ನೋ ಧಾಟಿಲಿ ರೇಗ್ತಾನೆ. ರೇಡಿಯೋ ಇತಿಹಾಸದಲ್ಲೇ ಅತಿ ಉದ್ದದ ನಗು ಇದು ಅಂತೆಲ್ಲ ಹೇಳ್ತಾರೆ, ರೆಕಾರ್ಡಿಂಗ್ ಕೇಳಿದ್ರೆ ಅಷ್ಟೇನೂ ಉದ್ದ ಇಲ್ಲ. ಆದ್ರೆ ಅದಲ್ಲ ಮುಖ್ಯ, ಡೈಲಾಗ್ ಬರೋಕೆ ಮುಂಚೆನೇ ಜನ ನಕ್ಕಿದಾರಲ್ಲ ಅದು ಮುಖ್ಯ. ಅಷ್ಟು ವರ್ಷ ಕೂತು ಒಂದು ಪಾತ್ರನ ಜನರ ತಲೇಲಿ ಕಟ್ಟಿದ್ದಕ್ಕೇ ಅವತ್ತು ಅವನಿಗೆ ಸುಮ್ನಿರೋ ಅಧಿಕಾರ ಸಿಕ್ಕಿದ್ದು.

ಇನ್ನೊಂದು ವಿಷ್ಯ ಏನಂದ್ರೆ ಬೆನ್ನಿ ತನ್ನ ಶೋನಲ್ಲಿ ಒಳ್ಳೊಳ್ಳೆ ಜೋಕ್‌ಗಳನ್ನ ಬೇರೆಯವರ ಬಾಯಿಗೆ ಕೊಡ್ತಿದ್ದ, ತಾನು ಏಟು ತಿನ್ನೋನು. ರಾಚೆಸ್ಟರ್ ಅನ್ನೋ ಮನೆಗೆಲಸದವನ ಪಾತ್ರ ಮಾಡ್ತಿದ್ದ ಕರಿಯ ನಟ ಎಡ್ಡಿ ಆ್ಯಂಡರ್ಸನ್ ಆ ಒಡೆದ ಗಂಟಲಲ್ಲಿ ಒಂದು ಮಾತು ಎಸೆದ್ರೆ ಸಾಕು ಬೆನ್ನಿ ಮುಗೀತು. ಬೆನ್ನಿ ಕಾರಿನ ಸದ್ದನ್ನಂತೂ ಮೆಲ್ ಬ್ಲ್ಯಾಂಕ್ ಬಾಯಲ್ಲೇ ಮಾಡ್ತಿದ್ದ, ಕೆಮ್ಮೋ ಉಗಿಯೋ ಸಾಯೋ ಮ್ಯಾಕ್ಸ್‌ವೆಲ್ ಕಾರು, ಅದನ್ನ ಕೇಳಿದಾಗೆಲ್ಲ ನಂಗೆ ನಗು ತಡೆಯೋಕಾಗಲ್ಲ.

ಮೌನದಿಂದ ನಗಿಸಿದ್ದು ಇದಾದ್ರೆ ಮೌನದಿಂದ ಹೆದರಿಸಿದ್ದು ನಟ, ನಿರ್ದೇಶಕ ಆರ್ಸನ್ ವೆಲ್ಸ್. 1938ರ ಅಕ್ಟೋಬರ್ 30, ಸಿಬಿಎಸ್ ರೇಡಿಯೋ ನೆಟ್‌ವರ್ಕ್‌ನಲ್ಲಿ ದಿ ವಾರ್ ಆಫ್ ದಿ ವರ್ಲ್ಡ್ಸ್, ಆಗ ವೆಲ್ಸ್‌ಗೆ ಬರೀ 23 ವರ್ಷ. ಮಂಗಳ ಗ್ರಹದವರು ನ್ಯೂಜೆರ್ಸಿಯ ಗ್ರೋವರ್ಸ್ ಮಿಲ್ ಅನ್ನೋ ಜಾಗದಲ್ಲಿ ಇಳಿದಿದಾರೆ ಅಂತ ನ್ಯೂಸ್ ಬುಲೆಟಿನ್ ಥರ ಹೇಳ್ತಾ ಹೋಗೋ ನಾಟಕ ಅದು, ಎಲ್ರಿಗೂ ಗೊತ್ತಿರೋದೇ. ಅದನ್ನ ನಿಜ ಅಂತ ನಂಬಿ ಇಡೀ ದೇಶ ರಸ್ತೆಗೆ ಓಡಿ ಬಂತು ಅನ್ನೋ ಕಥೆನ ಪೇಪರ್‌ನವರು ಊದಿ ಊದಿ ದೊಡ್ಡದು ಮಾಡಿದ್ದು, ಅದನ್ನ ಪಕ್ಕಕ್ಕಿಡಿ, ನಾಟಕ ಕೇಳಿ. ಸ್ಥಳದಿಂದ ವರದಿ ಮಾಡ್ತಿರೋ ವರದಿಗಾರನ ಪಾತ್ರ ಮಾಡಿದ ಫ್ರ್ಯಾಂಕ್ ರೀಡಿಕ್, ಅದಕ್ಕಿಂತ ಹಿಂದಿನ ವರ್ಷ ಹಿಂಡನ್‌ಬರ್ಗ್ ಅನ್ನೋ ವಾಯುನೌಕೆ ಹೊತ್ತಿ ಉರಿದಾಗ ಹರ್ಬರ್ಟ್ ಮಾರಿಸನ್ ಅಳ್ತಾ ಮಾಡಿದ ವರದಿಯ ರೆಕಾರ್ಡಿಂಗನ್ನ ಮತ್ತೆ ಮತ್ತೆ ಕೇಳಿ ತಯಾರಿ ಮಾಡ್ಕೊಂಡಿದ್ದ. ಜನರ ಚೀರಾಟ, ಬೆಂಕಿ, ಅವನ ದನಿ ಏರ್ತಾ ಏರ್ತಾ ಇನ್ನೇನು ಇಪ್ಪತ್ತು ಗಜ ದೂರದಲ್ಲಿ ಬಂತು ಅಂತಿದ್ದ ಹಾಗೇ ಮಾತು ಕತ್ತರಿಸಿ ಹೋಗುತ್ತೆ. ಆಮೇಲೆ ಏನೂ ಇಲ್ಲ. ಬರೀ ಕೆಲವೇ ಸೆಕೆಂಡ್, ಆದ್ರೆ ಆ ಕೆಲವು ಸೆಕೆಂಡಲ್ಲಿ ಅಲ್ಲಿದ್ದೋರಿಗೆ ಏನಾಯ್ತು ಅನ್ನೋದನ್ನ ನಿಮ್ಮ ತಲೆನೇ ಪೂರ್ತಿ ಮಾಡಿ ಮುಗಿಸಿರುತ್ತೆ. ಆಮೇಲೆ ಸ್ಟುಡಿಯೋದ ಅನೌನ್ಸರ್ ತಣ್ಣಗಿನ ದನಿಲಿ ಏನೋ ತಾಂತ್ರಿಕ ತೊಂದ್ರೆ ಅನ್ನೋ ಹಾಗೆ ಹೇಳಿ ಪಿಯಾನೋ ಸಂಗೀತ ಹಾಕ್ತಾನಲ್ಲ, ಅದಂತೂ ಬೆನ್ನುಮೂಳೆ ತಣ್ಣಗಾಗುತ್ತೆ.

ಥ್ರಿಲ್ಲರ್ ಇಷ್ಟ ಇರೋರು ಸಸ್ಪೆನ್ಸ್ ಸರಣಿ ಹಿಡೀರಿ, 1942ರಿಂದ 1962ರ ತನಕ ಬಂದಿದ್ದು. ಅದ್ರಲ್ಲಿ ಸಾರಿ ರಾಂಗ್ ನಂಬರ್ ಅಂತ ಒಂದಿದೆ, ಲುಸಿಲ್ ಫ್ಲೆಚರ್ ಬರೆದಿದ್ದು, 1943ರ ಮೇನಲ್ಲಿ ಮೊದಲು ಬಂತು. ಹಾಸಿಗೆ ಹಿಡಿದ ಹೆಂಗಸೊಬ್ಬಳು ಗಂಡನ ಆಫೀಸಿಗೆ ಫೋನ್ ಮಾಡೋಕೆ ಹೋದಾಗ ಲೈನ್ ಅಡ್ಡ ಬಂದು ಇಬ್ಬರು ಕೊಲೆ ಪ್ಲ್ಯಾನ್ ಮಾಡ್ತಿರೋದು ಕೇಳ್ಸುತ್ತೆ. ಅಲ್ಲಿಂದ ಅರ್ಧ ಗಂಟೆ ಆಗ್ನೆಸ್ ಮೂರ್‌ಹೆಡ್ ಒಬ್ಬಳದೇ ದನಿ ಹೆಚ್ಚೂಕಮ್ಮಿ. ಆಪರೇಟರ್‌ಗೆ ಬೈತಾಳೆ, ಪೊಲೀಸ್‌ಗೆ ಮಾಡ್ತಾಳೆ, ಯಾರೂ ನಂಬಲ್ಲ. ಫೋನ್ ಡಯಲ್ ತಿರುಗಿ ವಾಪಸ್ ಬರೋ ಸದ್ದು ಇದ್ಯಲ್ಲ, ಒಂದೊಂದು ಅಂಕಿಗೂ ಅದು ನಿಧಾನಕ್ಕೆ ತಿರುಗಿ ಬರುತ್ತೆ, ಅಷ್ಟು ಹೊತ್ತೂ ಅವಳ ಜೊತೆ ನಾವೂ ಕಾಯ್ಬೇಕು, ಬರೀ ಉಸಿರಾಟ ಕೇಳ್ಸುತ್ತೆ. ಕೊನೆ ಏನಾಗುತ್ತೆ ಅಂತ ನಾನು ಹೇಳಲ್ಲ. ಅದನ್ನ ಮೂರ್‌ಹೆಡ್ ಆಮೇಲೂ ವರ್ಷಗಟ್ಟಲೆ ಹಲವು ಸಲ ಮಾಡಿದಾಳೆ, ನಂಗೆ ಹಳೇದೇ ಇಷ್ಟ.

ಸೌಂಡ್ ಎಫೆಕ್ಟ್ ಮಾಡ್ತಿದ್ದವರ ಬಗ್ಗೆ ಒಂದು ಪುಸ್ತಕ ಆಗೋವಷ್ಟು ಬರೀಬಹುದು. ಲೈಟ್ಸ್ ಔಟ್ ಅನ್ನೋ ದೆವ್ವದ ಸರಣಿಲಿ ಆರ್ಚ್ ಒಬೊಲರ್ ಬರೆದ ಒಂದು ಕಥೆಲಿ ಮನುಷ್ಯರ ಒಳಗು ಹೊರಗಾಗುತ್ತೆ, ಮೈ ಮಗುಚಿದ ಹಾಗೆ, ಅದಕ್ಕೆ ಅವರು ಬಳಸಿದ್ದು ಒದ್ದೆ ರಬ್ಬರ್ ಗ್ಲವ್ಸ್, ಅದನ್ನ ನಿಧಾನಕ್ಕೆ ಒಳಮೈ ಹೊರಗೆ ಎಳೆಯೋದು, ಜೊತೆಗೆ ಮೂಳೆ ಮುರಿಯೋ ಸದ್ದಿಗೆ ಹಣ್ಣು ಹಾಕಿಡೋ ತೆಳು ಮರದ ಬುಟ್ಟಿನ ಹಿಂಡೋದು. ಇದು ಗೊತ್ತಾದ್ಮೇಲೆ ಕೇಳಿದ್ರೂ ಅಷ್ಟೇ ಅಸಹ್ಯ ಆಗುತ್ತೆ, ಅದೇ ಅದರ ತಾಕತ್ತು. ಫಿಬ್ಬರ್ ಮೆಗೀ ಆ್ಯಂಡ್ ಮಾಲಿ ಅನ್ನೋ ಕಾಮಿಡಿ ಶೋನಲ್ಲಿ ಅದೇ ಕಲೆನ ನಗಿಸೋಕೆ ಬಳಸಿದ್ರು. ಮನೇಲಿ ಒಂದು ಕಪಾಟು ಇರುತ್ತೆ, ಫಿಬ್ಬರ್ ಅದ್ರ ಬಾಗಿಲಿಗೆ ಕೈ ಹಾಕ್ತಾನೆ, ಹೆಂಡ್ತಿ ಮಾಲಿ ಬೇಡ ಬೇಡ ತೆಗೀಬೇಡ ಅಂತ ಕೂಗ್ತಾಳೆ, ಆಮೇಲೆ ಡಬ್ಬ ಪಾತ್ರೆ ಕೋಲು ಚೆಂಡು ಎಲ್ಲ ದಡಬಡ ಅಂತ ಬೀಳ್ತಾನೇ ಇರುತ್ತೆ, ಬಿದ್ದು ಮುಗೀತು ಅನ್ನೋ ಹೊತ್ತಿಗೆ ಒಂದು ಕ್ಷಣ ಬಿಟ್ಟು ಪುಟ್ಟ ಗಂಟೆ ಟಿಂಗ್ ಅನ್ನುತ್ತೆ. ಆ ಟಿಂಗ್‌ಗೇ ಜನ ಬಿದ್ದು ಬಿದ್ದು ನಗೋದು. ಆ ದಂಪತಿ ಪಾತ್ರ ಮಾಡಿದ ಜಿಮ್ ಮತ್ತು ಮೇರಿಯನ್ ಜೋರ್ಡನ್ ನಿಜ ಜೀವನದಲ್ಲೂ ಗಂಡ ಹೆಂಡ್ತಿನೇ, ಅದು ದನಿಲೇ ಗೊತ್ತಾಗುತ್ತೆ.

ಗನ್‌ಸ್ಮೋಕ್ ಅನ್ನೋ ಕೌಬಾಯ್ ಸರಣಿ ಬಗ್ಗೆ ಹೇಳದೇ ಹೋದ್ರೆ ನಂಗೇ ಸಮಾಧಾನ ಇರಲ್ಲ. 1952ರಲ್ಲಿ ಶುರುವಾಗಿದ್ದು, ಆಗಾಗ್ಲೇ ಟಿವಿ ಮನೆಮನೆಗೆ ಬರ್ತಿತ್ತು, ಆದ್ರೂ ರೇಡಿಯೋದವರು ತಮ್ಮ ಅತ್ಯುತ್ತಮ ಕೆಲಸನ ಆಗ ಮಾಡಿದ್ರು ಅಂತ ನನ್ನ ಅಭಿಪ್ರಾಯ. ಕ್ಯಾನ್ಸಸ್‌ನ ಡಾಜ್ ಸಿಟಿ, ಮಾರ್ಷಲ್ ಮ್ಯಾಟ್ ಡಿಲನ್, ದನಿ ವಿಲಿಯಂ ಕಾನ್ರಾಡ್‌ದು. ಮಾರ್ಷಲ್ ಹಲಗೆ ಹಾಸಿದ ಕಾಲುದಾರಿ ಮೇಲೆ ನಡ್ಕೊಂಡು ಬರ್ತಾನೆ, ಬೂಟು, ಬೂಟಿಗೆ ಕಟ್ಟಿದ ಮುಳ್ಳಿನ ಕಿಣಿಕಿಣಿ, ದೂರದಲ್ಲೊಂದು ನಾಯಿ, ಹಲಗೆ ಮುಗಿದು ಮಣ್ಣಿಗೆ ಇಳಿದಾಗ ಹೆಜ್ಜೆ ಸದ್ದು ಬದಲಾಗುತ್ತೆ. ಬೇರೆ ಪ್ರೋಗ್ರಾಮ್ ಆಗಿದ್ರೆ ಅಷ್ಟೊತ್ತಿಗೆ ಯಾರಾದ್ರೂ ಅಗೋ ಮಾರ್ಷಲ್ ಬಂದ ಅಂತ ಬಾಯಿ ಬಿಟ್ಟು ಹೇಳಿರ್ತಿದ್ರು, ಇಲ್ಲಿ ಯಾರೂ ಏನೂ ಹೇಳಲ್ಲ. ಟಿವಿಗೆ ಬಂದಾಗ ಕಾನ್ರಾಡ್ ಬದಲು ಜೇಮ್ಸ್ ಆರ್ನೆಸ್‌ನ ಹಾಕಿದ್ರು, ಕಾನ್ರಾಡ್ ದಪ್ಪ ಕುಳ್ಳ. ನಂಗೆ ಮಾತ್ರ ಮ್ಯಾಟ್ ಡಿಲನ್ ಅಂದ್ರೆ ಆ ಭಾರದ ದನಿನೇ.

ಜಾಹೀರಾತು ಕತ್ತರಿಸಿದ ಕಾಪಿ ಸಿಕ್ಕಿದ್ರೆ ಅದನ್ನ ಬಿಟ್ಟು ಪೂರ್ತಿ ಇರೋದು ಹುಡುಕಿ. ಸೈನಿಕರಿಗೋಸ್ಕರ ಕಳಿಸ್ತಿದ್ದ ಡಿಸ್ಕ್‌ಗಳಲ್ಲಿ ಜಾಹೀರಾತು ತೆಗೆದುಬಿಡ್ತಿದ್ರು, ಅಂಥ ಕಾಪಿಗಳೇ ಸುಮಾರು ಉಳ್ಕೊಂಡಿವೆ. ಆದ್ರೆ ಫಿಬ್ಬರ್ ಮನೆಗೆ ಅನೌನ್ಸರ್ ಹಾರ್ಲೋ ವಿಲ್‌ಕಾಕ್ಸ್ ನೆಂಟನ ಥರ ಬಂದು ಮಾತಿನ ಮಧ್ಯೆ ಜಾನ್ಸನ್ ವ್ಯಾಕ್ಸ್ ಜಾಹೀರಾತು ತುರುಕೋದು, ಫಿಬ್ಬರ್ ಗೊಣಗೋದು, ಅದೂ ಕಥೆಯ ಭಾಗನೇ.

ಇವು ಉಳಿದಿದ್ದೇ ದೊಡ್ಡದು. ಮೊದಲಿನ ವರ್ಷಗಳಲ್ಲಿ ಹೆಚ್ಚೂಕಮ್ಮಿ ಎಲ್ಲಾ ಲೈವ್, ಪೂರ್ವ ಕರಾವಳಿಗೆ ಒಂದ್ಸಲ, ಮೂರು ಗಂಟೆ ಬಿಟ್ಟು ಪಶ್ಚಿಮಕ್ಕೆ ಮತ್ತೆ ಅದೇ ನಾಟಕ ಮೊದಲಿಂದ ಆಡ್ತಿದ್ರು ಎಷ್ಟೋ ಪ್ರೋಗ್ರಾಮ್‌ಗಳಲ್ಲಿ. ರೆಕಾರ್ಡ್ ಮಾಡಿದ್ದನ್ನ ಹಾಕೋದು ದೊಡ್ಡ ನೆಟ್‌ವರ್ಕ್‌ಗಳಿಗೆ ಇಷ್ಟ ಇರ್ಲಿಲ್ಲ, 1946ರಲ್ಲಿ ಗಾಯಕ ಬಿಂಗ್ ಕ್ರಾಸ್ಬಿ ಹಠ ಹಿಡಿದು ರೆಕಾರ್ಡ್ ಮಾಡಿದ ಶೋ ಶುರು ಮಾಡಿದ್ಮೇಲೆ ಆ ಕಟ್ಟು ಸಡಿಲ ಆಯ್ತು. ಅದಕ್ಕೂ ಮುಂಚಿನವು ಉಳಿದಿರೋದು 16 ಇಂಚಿನ ದೊಡ್ಡ ಡಿಸ್ಕ್‌ಗಳಲ್ಲಿ, ಒಂದು ಸೈಡಿಗೆ ಸುಮಾರು ಹದಿನೈದು ನಿಮಿಷ, ಯುದ್ಧದ ಟೈಮಲ್ಲಿ ಅಲ್ಯೂಮಿನಿಯಂ ಸಿಗದೆ ಗಾಜಿನ ಮೇಲೇ ಮಾಡಿದ್ದೂ ಇದೆ, ಕೈ ಜಾರಿದ್ರೆ ಮುಗೀತು. ಅವನ್ನ ಹುಡುಕಿ, ಟೇಪಿಗೆ ಹಾಕಿ, ಆಮೇಲೆ ಕಂಪ್ಯೂಟರಿಗೆ ಹಾಕಿ ಇಂಟರ್ನೆಟ್ ಆರ್ಕೈವ್ ತನಕ ತಂದ ಹವ್ಯಾಸಿಗಳಿಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು.

ಎಲ್ಲಾ ಚಿನ್ನ ಅಂತ ನಾನು ಹೇಳಲ್ಲ. ಆ ಕಾಲದ ಭಾರೀ ಹಿಟ್ ಆದ ಏಮಸ್ ಆ್ಯಂಡ್ ಆ್ಯಂಡಿಯಲ್ಲಿ ಇಬ್ಬರು ಬಿಳಿಯರು ಕರಿಯರ ದನಿ ಅನುಕರಿಸಿ ನಗಿಸ್ತಿದ್ರು, ಅದು ನನ್ನಿಂದ ಕೇಳೋಕಾಗಲ್ಲ, ಕೇಳೋದೂ ಇಲ್ಲ. ಬೆನ್ನಿ ಶೋನ ಹಳೇ ಎಪಿಸೋಡ್‌ಗಳಲ್ಲೂ ರಾಚೆಸ್ಟರ್ ಬಗ್ಗೆ ಮುಜುಗರ ಆಗೋ ಜೋಕ್‌ಗಳಿವೆ, ಯುದ್ಧ ಆದ್ಮೇಲೆ ಅವು ಕಮ್ಮಿ ಆದ್ವು. ಅದಕ್ಕೇ ಬೆನ್ನಿನ 1946ರ ನಂತರದ ಎಪಿಸೋಡ್‌ಗಳಿಂದ ಶುರು ಮಾಡಿ ಅಂತೀನಿ.

ಕೇಳೋ ರೀತಿ ಬಗ್ಗೆ ಒಂದೇ ಮಾತು, ಬೇರೆ ಕೆಲ್ಸ ಮಾಡ್ತಾ ಕೇಳ್ಬೇಡಿ. ಪಾಡ್‌ಕಾಸ್ಟ್ ಥರ ಸ್ಪೀಡ್ ಜಾಸ್ತಿ ಇಟ್ಟು, ಅಥ್ವಾ ಸೈಲೆನ್ಸ್ ಕಟ್ ಮಾಡೋ ಸೆಟ್ಟಿಂಗ್ ಆನ್ ಇಟ್ಟು ಕೇಳಿದ್ರಂತೂ ಬೆನ್ನಿನೂ ಹೋದ, ವೆಲ್ಸೂ ಹೋದ, ಆ ಸೆಟ್ಟಿಂಗ್ ಮೊದ್ಲು ಆಫ್ ಮಾಡಿ. ಇಂಗ್ಲಿಷ್ ಸ್ವಲ್ಪ ಹಳೇದು, ವೇಗ ಬೇರೆ, ಮೊದಲ ಐದು ನಿಮಿಷ ಅರ್ಧ ತಪ್ಪಿ ಹೋಗ್ಬಹುದು, ಪರ್ವಾಗಿಲ್ಲ ಮುಂದೆ ಹೋಗಿ, ಕಿವಿ ಒಗ್ಗುತ್ತೆ.

ಈಗ ನಾನು ಎಸ್ಕೇಪ್ ಸರಣಿಲಿದೀನಿ. ಅದ್ರಲ್ಲಿ ಥ್ರೀ ಸ್ಕೆಲಿಟನ್ ಕೀ ಅಂತ ಒಂದಿದೆ, ಸಮುದ್ರದ ಮಧ್ಯೆ ದೀಪಸ್ತಂಭ, ಒಳಗೆ ಮೂರು ಜನ, ಒಂದು ಹಡಗು ಬಂಡೆಗೆ ಬಡಿದು ಅದ್ರ ತುಂಬ ಇದ್ದ ಹಸಿದ ಇಲಿಗಳು ಇಳಿದು ಬರ್ತಾವೆ, ಸಾವಿರಗಟ್ಟಲೆ, ಗಾಜಿನ ಆಚೆಯಿಂದ ಕೆರೀತಾವೆ. ವಿನ್ಸೆಂಟ್ ಪ್ರೈಸ್ ಇರೋ ವರ್ಷನ್ ಹುಡುಕಿ, ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಇಲಿ ಕಂಡ್ರೆ ಆಗದವರು ಬೆನ್ನಿಯಿಂದಲೇ ಶುರು ಮಾಡಿ.