ವಿಷಲ್ ಮೇಷ್ಟ್ರು ಮತ್ತು ನಾಡಿಯಾ

ನಮ್ಮ ಪಿ.ಟಿ. ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ದಿನ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರಿಗೂ ನೆನಪಾದದ್ದು ಒಂದೇ ಹೆಸರು: ನಾಡಿಯಾ ಕೊಮಾನೆಚಿ. ಮಲ್ಲೇಶ್ವರದ ಮೇಷ್ಟ್ರಿಗೂ ರೊಮೇನಿಯಾದ ಜಿಮ್ನಾಸ್ಟಿಕ್ಸ್ ಹುಡುಗಿಗೂ ಏನು ಸಂಬಂಧ ಅಂತ ಈಗಿನ ಮಕ್ಕಳು ಕೇಳಬಹುದು.

1976ರ ಜುಲೈ. ನಾವು ಒಂಬತ್ತನೇ ಕ್ಲಾಸು. ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ಸ್. ಬೆಂಗಳೂರಿಗೆ ಇನ್ನೂ ಟಿ.ವಿ. ಬಂದಿರಲಿಲ್ಲ. ಸದಾ ಕೊರಳಲ್ಲಿ ವಿಷಲ್ ಹಾಕಿಕೊಂಡಿರುತ್ತಿದ್ದ ಮೇಷ್ಟ್ರು ಒಂದು ದಿನ ಪೇಪರಿನ ತುಂಡು ಹಿಡಿದು ಮೈದಾನಕ್ಕೆ ಬಂದರು. ‘ಬೋರ್ಡಲ್ಲಿ 1.00 ಅಂತ ಬಂತಂತೆ. ಅದು ಒಂದಲ್ಲ ಕಣ್ರೇ, ಹತ್ತಕ್ಕೆ ಹತ್ತು! ಯಾರಿಗೂ ಅಷ್ಟು ಬರಲ್ಲ ಅಂತ 10.00 ತೋರಿಸೋಕೆ ಜಾಗಾನೇ ಇಟ್ಟಿರಲಿಲ್ಲ.’ ಆ ಕೂಟದಲ್ಲಿ ನಾಡಿಯಾಗೆ 7 ಸಲ ಹತ್ತು ಬಂತು. 3 ಚಿನ್ನ, 1 ಬೆಳ್ಳಿ, 1 ಕಂಚು. ವಯಸ್ಸು 14, ನಮ್ಮದೇ ವಯಸ್ಸು. ಅವಳು ಕಂಬಿಯಿಂದ ಕಂಬಿಗೆ ಹಾರುವುದನ್ನು ದಪ್ಪ ಮೈಯ ಮೇಷ್ಟ್ರು ಎರಡು ಕೈಯಲ್ಲೇ ಬೀಸಿ ಬೀಸಿ ತೋರಿಸಿದರು.

ಸುಮ್ನೆ ಇರುತ್ತೇವಾ? ಗಣಿತದ ಮೇಡಂ ರಜೆ ಹಾಕಿದ ಒಂದು ಮಧ್ಯಾಹ್ನ ಬೆಂಚುಗಳನ್ನು ಸಾಲಾಗಿ ಜೋಡಿಸಿ ನಡಿಗೆ ಶುರು ಮಾಡಿದೆವು. ಕೊನೆಯ ಬೆಂಚಿನಿಂದ ನಾನು ಪಲ್ಟಿ ಹೊಡೆದು ಎರಡೂ ಕಾಲ ಮೇಲೆ ನೆಟ್ಟಗೆ ನಿಂತೆ. ಇಡೀ ಕ್ಲಾಸಿನಲ್ಲಿ ಹಾಗೆ ಹೊಡೆಯಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಗೆಳತಿ ಕಪ್ಪುಹಲಗೆ ಮೇಲೆ ದೊಡ್ಡದಾಗಿ 1.00 ಬರೆದಳು. ಅದೇ ಹೊತ್ತಿಗೆ ಹೆಡ್ಮಿಸ್ ಬಾಗಿಲಲ್ಲಿ. ‘ಯಾರಿಗೆ ಒಂದು ಮಾರ್ಕ್ಸು?’ ಅಂದರು. ಒಬ್ಬರೂ ಉಸಿರೆತ್ತಲಿಲ್ಲ.

ವಿಚಾರಣೆಗೆ ಬಂದ ಮೇಷ್ಟ್ರು ಬೈಯಲಿಲ್ಲ. ಜೇಬಿನಿಂದ ಟೇಪು ತೆಗೆದು ಬೆಂಚು ಅಳೆದರು. ‘ಹತ್ತು ಅಂಗುಲ ಇದೆ. ಅವಳು ನಡೆದದ್ದು ಬೀಮ್ ಅನ್ನೋ ನಾಲ್ಕಂಗುಲ ಅಗಲದ ತೊಲೆ ಮೇಲೆ, ಅದೂ ನೆಲದಿಂದ ನಾಲ್ಕಡಿ ಎತ್ತರದಲ್ಲಿ.’ ಮರುದಿನ ಅಂಗಳದಲ್ಲಿ ಸೀಮೆಸುಣ್ಣದಿಂದ ನಾಲ್ಕಂಗುಲ ಅಗಲ, ಹದಿನಾರಡಿ ಉದ್ದದ ಪಟ್ಟಿ ಎಳೆದರು. ಗೆರೆ ದಾಟದೆ, ತಲೆ ತಗ್ಗಿಸದೆ ಹೋಗಿ ಬರಬೇಕು. ಓದಿನಲ್ಲಿ ಹಿಂದಿದ್ದ ಎಷ್ಟೋ ಹುಡುಗಿಯರು ಅಲ್ಲಿ ಮೊದಲ ಸಲ ಚಪ್ಪಾಳೆ ಕೇಳಿದರು.

ಟೈಮ್ ಪತ್ರಿಕೆಯ ಮುಖಪುಟದಲ್ಲಿ ಬಂದ, ಇಡೀ ಜಗತ್ತೇ ಹೊಗಳಿದ ಆ ಹುಡುಗಿ 1980ರಲ್ಲಿ ಮಾಸ್ಕೋದಲ್ಲೂ 2 ಚಿನ್ನ ಗೆದ್ದಳು. ಆಮೇಲೆ ಅವಳ ದೇಶದ ಸರ್ಕಾರವೇ ಅವಳ ಮೇಲೆ ಕಣ್ಣಿಟ್ಟು ಕಾಯಿತು. 1989ರ ನವೆಂಬರಿನಲ್ಲಿ ರಾತ್ರಿ ಹೊತ್ತು ಗಡಿ ದಾಟಿ ಹಂಗೇರಿಗೆ ಹೋದಳು. ಅದನ್ನು ಓದಿ ನಾನು ಮೇಷ್ಟ್ರ ಮನೆಗೆ ಹೋಗಿದ್ದೆ. ‘ಪದಕ ಎಲ್ಲರಿಗೂ ಬೇಕಿತ್ತು ಕಣಮ್ಮ, ಮಗು ಯಾರಿಗೂ ಬೇಕಿರಲಿಲ್ಲ’ ಅಂದರು. ಈಗ ಒಲಿಂಪಿಕ್ ಜಿಮ್ನಾಸ್ಟಿಕ್ಸಿಗೆ ಹುಡುಗಿಯರಿಗೆ ಆ ವರ್ಷ 16 ತುಂಬಬೇಕು. 14ರ ನಾಡಿಯಾ ಇವತ್ತಾಗಿದ್ದರೆ ಮಾಂಟ್ರಿಯಲ್‌ಗೆ ಹೋಗುವ ಹಾಗೇ ಇರಲಿಲ್ಲ. ಅದು ಒಳ್ಳೆಯದೇ ಅಂತ ನನಗನ್ನಿಸುತ್ತದೆ.

ಈಗ ಎಷ್ಟೋ ಶಾಲೆಗಳಲ್ಲಿ ಪಿ.ಟಿ. ಪೀರಿಯಡ್ಡಿಗೆ ಗಣಿತ, ವಿಜ್ಞಾನ ನುಗ್ಗುತ್ತವೆ. ಗೇಟಿನ ಫ್ಲೆಕ್ಸಿನಲ್ಲಿ ಹತ್ತನೇ ಕ್ಲಾಸಿನ ಮಕ್ಕಳ ಮುಖ, ಕೆಳಗೆ ಪರ್ಸೆಂಟೇಜು. ಓಡಲು ಜಾಗ ಇಲ್ಲ, ಅಂಗಳದ ತುಂಬ ಸ್ಕೂಲ್ ಬಸ್ಸು. ಮೇಷ್ಟ್ರು ಇದನ್ನು ನೋಡಿ ತುಂಬ ನೊಂದುಕೊಳ್ಳುತ್ತಿದ್ದರು.

ನಮ್ಮ ಬ್ಯಾಚಿನವರು ಸೇರಿ ಮೇಷ್ಟ್ರ ಹೆಸರಿನಲ್ಲಿ ಶಾಲೆಗೆ ಮ್ಯಾಟ್‌ಗಳನ್ನೂ ತಗ್ಗಿನದೊಂದು ಬೀಮನ್ನೂ ಕೊಡಿಸುತ್ತಿದ್ದೇವೆ. ಆಡಳಿತ ಮಂಡಳಿಯವರಲ್ಲಿ ನಮ್ಮ ಕೋರಿಕೆ ಒಂದೇ: ವಾರಕ್ಕೆರಡು ಪಿ.ಟಿ. ಪೀರಿಯಡ್ ಇರಲಿ, ಪರೀಕ್ಷೆ ಹತ್ತಿರ ಬಂದರೂ ಅದನ್ನು ಯಾರಿಗೂ ಬಿಟ್ಟುಕೊಡಬೇಡಿ.